ತಲೆಹೊಟ್ಟಿಗೆ ಎಣ್ಣೆ ಮದ್ದೇ?

ಹೈಸ್ಕೂಲು ಸೇರಿದ ಹುಡುಗಿಯ ನೀಲಿ ಸ್ವೆಟರಿನ ಹೆಗಲ ಮೇಲೆ ಬಿಳಿ ಪುಡಿ. ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗು. ಮನೆಗೆ ಬಂದರೆ ತಾಯಿಯ ತೀರ್ಪು ಸಿದ್ಧ: 'ಎಣ್ಣೆ ಹಚ್ಚಿಕೋ ಅಂದರೆ ಕೇಳುವುದಿಲ್ಲ, ತಲೆ ಒಣಗಿ ಹೊಟ್ಟಾಗಿದೆ.' ಮಾರನೆಯ ಬೆಳಿಗ್ಗೆ ನೆತ್ತಿ ತುಂಬ ಕೊಬ್ಬರಿ ಎಣ್ಣೆ, ಬಿಗಿಯಾದ ಎರಡು ಜಡೆ. ಎರಡು ದಿನ ಪುಡಿ ಕಾಣುವುದಿಲ್ಲ. ವಾಸಿಯಾಯಿತೆಂದಲ್ಲ, ಎಣ್ಣೆಗೆ ಅಂಟಿಕೊಂಡಿರುತ್ತದೆ, ಅಷ್ಟೆ.

ತಲೆಹೊಟ್ಟು ಸಾಮಾನ್ಯವಾಗಿ ನೆತ್ತಿ ಒಣಗುವುದರಿಂದ ಬರುವುದಲ್ಲ. ಎಲ್ಲರ ಚರ್ಮದ ಮೇಲೂ ಮಲಸೇಜಿಯ ಎಂಬ ಸೂಕ್ಷ್ಮ ಶಿಲೀಂಧ್ರ ವಾಸಿಸುತ್ತದೆ. 1874ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಮಲಸೇ ಅವರಿಂದ ಈ ಹೆಸರು. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ ಈ ಜೀವಿ ನೆತ್ತಿಯ ಜಿಡ್ಡನ್ನೇ ಉಣ್ಣುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸುವವರು ಆಹಾರ ಮಾಧ್ಯಮದ ಮೇಲೆ ಆಲಿವ್ ಎಣ್ಣೆ ಸವರುವುದುಂಟು! ಜಿಡ್ಡು ಒಡೆದಾಗ ಉಂಟಾಗುವ ಓಲಿಯಿಕ್ ಆಮ್ಲ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ನವೆ ಶುರುವಾಗುತ್ತದೆ. ಸುಮಾರು ತಿಂಗಳ ಅವಧಿಯಲ್ಲಿ ಹುಟ್ಟಿ ಉದುರಬೇಕಾದ ಚರ್ಮಕೋಶಗಳು ಅವಸರದಿಂದ ಮೇಲೆ ಬಂದು ಹಕ್ಕಳೆಯಾಗಿ ಉದುರುತ್ತವೆ. ಹರೆಯದಲ್ಲಿ ಜಿಡ್ಡಿನ ಗ್ರಂಥಿಗಳು ಚುರುಕಾಗುವುದರಿಂದಲೇ ಈ ಕಾಟ ಹೈಸ್ಕೂಲಿನಲ್ಲಿ ತಲೆದೋರುತ್ತದೆ. ಇದು ಕೊಳಕುತನದ ಗುರುತಲ್ಲ, ಬಾಚಣಿಗೆಯಿಂದ ಅಂಟುವ ರೋಗವೂ ಅಲ್ಲ. ಇಂಥ ನೆತ್ತಿಯ ಮೇಲೆ ದಿನವಿಡೀ ಎಣ್ಣೆ ಬಿಡುವುದೆಂದರೆ ಉಂಡು ಏಳದ ನೆಂಟನಿಗೆ ಮತ್ತೆ ಬಡಿಸಿದ ಹಾಗೆ.

ಹಾಗೆಂದು ಅಜ್ಜಿಯರನ್ನು ದೂರಬೇಕಾಗಿಲ್ಲ. ಅವರ ಎಣ್ಣೆಸ್ನಾನದಲ್ಲಿ ಎಣ್ಣೆಯ ಬೆನ್ನಿಗೇ ಸೀಗೆಕಾಯಿ ಇತ್ತು. ಸೀಗೆಯ ಸಪೋನಿನ್ ನೊರೆಯೆದ್ದು ಜಿಡ್ಡನ್ನು ತೊಳೆದುಬಿಡುತ್ತದೆ. ಈಗ ಅನೇಕ ಮನೆಗಳಲ್ಲಿ ಸ್ನಾನ ಹೋಗಿ ಎಣ್ಣೆ ಮಾತ್ರ ಉಳಿದಿದೆ.

ಶೇ 2ರ ಕೀಟೊಕೊನಜೋಲ್ ಶಾಂಪೂ ಈ ಶಿಲೀಂಧ್ರವನ್ನು ಹತೋಟಿಗೆ ತರುತ್ತದೆ. ವಾರಕ್ಕೆ 2 ಸಲ, 2ರಿಂದ 4 ವಾರ. ಹೆಚ್ಚಿನವರು ಎಡವುವುದು ಇಲ್ಲಿಯೇ: ಕೂದಲಿಗೆ ಹಚ್ಚಿ ತಕ್ಷಣ ನೀರು ಹುಯ್ದುಕೊಳ್ಳುತ್ತಾರೆ. ಔಷಧ ಬೇಕಾದದ್ದು ಕೂದಲಿಗಲ್ಲ, ನೆತ್ತಿಗೆ. ಉಗುರು ತಾಗಿಸದೆ ಬೆರಳ ತುದಿಯಿಂದ ಹಚ್ಚಿ, ಗಡಿಯಾರ ನೋಡಿ 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಕಣ್ಣಿಗೆ ಬೀಳದಂತೆ ಎಚ್ಚರ. 12 ವರ್ಷಕ್ಕಿಂತ ಚಿಕ್ಕವರಿಗಾದರೆ ವೈದ್ಯರನ್ನು ಕೇಳಿಯೇ ಬಳಸಬೇಕು. ಗುಣ ಕಂಡ ಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಾಕು. ಪೂರ್ತಿ ಬಿಟ್ಟರೆ ಹೊಟ್ಟು ಮರಳುವುದುಂಟು. ಶಿಲೀಂಧ್ರ ಅಲ್ಲಿಯ ಕಾಯಂ ನಿವಾಸಿಯಲ್ಲವೇ? ಎಣ್ಣೆ ಬೇಕೇ ಬೇಕೆಂದರೆ ಜಡೆಯ ಉದ್ದಕ್ಕೆ ಹಚ್ಚಲಿ. ದಪ್ಪ ಹಕ್ಕಳೆ ಮೆತ್ತಗಾಗಲು ಸ್ನಾನಕ್ಕೆ ಗಂಟೆ ಮೊದಲು ನೆತ್ತಿಗೂ ಹಚ್ಚಬಹುದು, ಆದರೆ ಚೆನ್ನಾಗಿ ತೊಳೆಯಬೇಕು.

ನಿಂಬೆರಸದ ಸಾಹಸ ಬೇಡ. ಕೆರೆದು ಗಾಯವಾದ ನೆತ್ತಿಗೆ ಅದರ ಆಮ್ಲ ಉರಿ ತರುತ್ತದೆ. ರಸ ಹತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತೆ ಕಲೆಯಾಗುವುದೂ ಉಂಟು.

ಚಿಕ್ಕ ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಮುರಿದು ಬೋಳಾಗಿದ್ದರೆ ಅದು ಹೊಟ್ಟಲ್ಲ, ಹುಳುಕಡ್ಡಿ ಇರಬಹುದು. ಅದು ಅಂಟುರೋಗ, ಶಾಂಪೂ ಸಾಲದು, ಮಾತ್ರೆಯೇ ಬೇಕು. ಕೀವು, ಊತ ಕಂಡರೂ, 4 ವಾರದಲ್ಲಿ ಗುಣವಾಗದಿದ್ದರೂ ಚರ್ಮವೈದ್ಯರಿಗೆ ತೋರಿಸಬೇಕು. ಅಂಗಡಿಯವನು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿಕೊಂಡು ಹೋದರೆ ರೋಗದ ಗುರುತೇ ಅಳಿಸಿ, ವೈದ್ಯರಿಗೂ ಪತ್ತೆ ಕಷ್ಟವಾಗುತ್ತದೆ.