ನಿಮಗಿದು ಗೊತ್ತೆ? ಬಿರಿಯಾನಿ ಕೊಟ್ಟು ರೇಡಿಯೊಗೆ ಬಂದ ಹಾಡು

ಇಂಗ್ಲೆಂಡಿನ ಬಾರ್ಕಿಂಗ್‌ನಲ್ಲಿ 1957ರಲ್ಲಿ ಹುಟ್ಟಿದ ಬಿಲ್ಲಿ ಬ್ರಾಗ್ 1977ರಲ್ಲಿ ಗೆಳೆಯರ ಜೊತೆ ‘ರಿಫ್ ರಾಫ್’ ಎಂಬ ಪಂಕ್ ಸಂಗೀತ ತಂಡ ಕಟ್ಟಿದರು. ತಂಡ ಹೆಸರು ಮಾಡಲಿಲ್ಲ, ಒಡೆದುಹೋಯಿತು. 1981ರಲ್ಲಿ ಸೇನೆ ಸೇರಿದ ಬ್ರಾಗ್, ಮೂರು ತಿಂಗಳ ತರಬೇತಿಯ ಬಳಿಕ 175 ಪೌಂಡ್ ಕಟ್ಟಿ ಹೊರಬಂದರು.

ಆಮೇಲೆ ಡ್ರಮ್ಸ್ ಇಲ್ಲ, ಜೊತೆಗಾರರಿಲ್ಲ. ಎಲೆಕ್ಟ್ರಿಕ್ ಗಿಟಾರೊಂದನ್ನು ಹೆಗಲಿಗೇರಿಸಿ ಒಬ್ಬರೇ ಹಾಡತೊಡಗಿದರು. ಪಂಕ್‌ನ ಸಿಟ್ಟು ಹಾಗೇ ಉಳಿಯಿತು. ಆದರೆ ಗದ್ದಲ ಕಳಚಿಬಿದ್ದು ಮಾತು ಸ್ಪಷ್ಟವಾಗಿ ಕೇಳತೊಡಗಿತು. ಅವರ ನಿಜವಾದ ಬಲ ಅಲ್ಲೇ ಇದೆ. 1983ರ ಮೊದಲ ಆಲ್ಬಂನಲ್ಲಿ ಇದ್ದದ್ದು ಏಳೇ ಹಾಡು, ಹದಿನಾರು ನಿಮಿಷದಷ್ಟು ಸಂಗೀತ.

ಬಿಬಿಸಿಯ ಜನಪ್ರಿಯ ನಿರೂಪಕ ಜಾನ್ ಪೀಲ್ ಒಮ್ಮೆ ಪ್ರಸಾರದ ನಡುವೆ ಹಸಿವಾಗುತ್ತಿದೆ ಎಂದರು. ಅದನ್ನು ಕೇಳಿದ ಬ್ರಾಗ್ ಅಣಬೆ ಬಿರಿಯಾನಿ ಹಿಡಿದು ಬಿಬಿಸಿಗೆ ಓಡಿದರು! ಪೀಲ್ ಆ ಆಲ್ಬಂನ ಹಾಡೊಂದನ್ನೇನೋ ಹಾಕಿದರು, ಆದರೆ ತಪ್ಪು ವೇಗದಲ್ಲಿ. ಸಾಮಾನ್ಯವಾಗಿ ನಿಧಾನವಾಗಿ ತಿರುಗುವಂಥ ದೊಡ್ಡ ತಟ್ಟೆಯಾದರೂ ಅದು ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ರೆಕಾರ್ಡ್ ಆಗಿತ್ತು. ಬಿರಿಯಾನಿ ಬಾರದಿದ್ದರೂ ಹಾಡು ಹಾಕುತ್ತಿದ್ದೆ ಎಂದು ಪೀಲ್ ಆಮೇಲೆ ಹೇಳಿದರು.

ಅಮೆರಿಕದ ಜನಪದ ಗಾಯಕ ವುಡಿ ಗತ್ರಿ ಬರೆದಿಟ್ಟು ಹೋಗಿದ್ದ, ಧಾಟಿ ಉಳಿಯದ ಸಾಹಿತ್ಯಕ್ಕೆ ಸಂಗೀತ ಕೊಡಲು ಮಗಳು ನೋರಾ ಕರೆದದ್ದು ಇದೇ ಬ್ರಾಗ್‌ರನ್ನು. ‘ವಿಲ್ಕೊ’ ತಂಡದೊಂದಿಗೆ ಅವರು ರೂಪಿಸಿದ ‘ಮರ್ಮೇಡ್ ಅವೆನ್ಯೂ’ ಆಲ್ಬಂ 1998ರಲ್ಲಿ ಬಂತು. 2007ರಲ್ಲಿ ಬ್ರಾಗ್ ‘ಜೈಲ್ ಗಿಟಾರ್ ಡೋರ್ಸ್’ ಎಂಬ ಯೋಜನೆ ಆರಂಭಿಸಿದರು. ಅದು ಕೈದಿಗಳಿಗೆ ನುಡಿಸಲು ವಾದ್ಯಗಳನ್ನು ಒದಗಿಸುತ್ತದೆ.