ಬೌದ್ಧಿಕ ವಿಕಲತೆಯುಳ್ಳವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ

ಹೊಟ್ಟೆನೋವು ಬಂದರೆ ನಾವು ಬಾಯಿಬಿಟ್ಟು ಹೇಳುತ್ತೇವೆ. ಬೌದ್ಧಿಕ ವಿಕಲತೆಯುಳ್ಳ ಅನೇಕರಿಗೆ ಅದು ಸಾಧ್ಯವಾಗದು. ನೋವು ಎಲ್ಲಿದೆ, ಎಂದಿನಿಂದ ಇದೆ ಎಂದು ತಿಳಿಸಲಾರದೆ ಅವರು ಊಟ ಬಿಡಬಹುದು, ರಾತ್ರಿಯೆಲ್ಲ ಎಚ್ಚರವಿರಬಹುದು, ತಲೆಯನ್ನು ಗೋಡೆಗೆ ಬಡಿದುಕೊಳ್ಳಬಹುದು. ಮನೆಯವರು ಇದನ್ನು ಹಟವೆಂದೋ ಗಾಳಿ ಸೋಂಕೆಂದೋ ಬಗೆಯುತ್ತಾರೆ. ಹುಳುಕು ಹಲ್ಲು, ಸೋರುವ ಕಿವಿ ಅಥವಾ ಬಹುದಿನದ ಮಲಬದ್ಧತೆಯೇ ಇದಕ್ಕೆ ಕಾರಣವಾಗಿರುವುದುಂಟು. ಆದುದರಿಂದ ಕಾಯಿಲೆ ಕಾಣಿಸಲಿ, ಬಿಡಲಿ, ಇಂಥವರನ್ನು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಅವಶ್ಯಕ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡವು ಅಂಗನವಾಡಿಗೆ ವರ್ಷಕ್ಕೆ 2 ಬಾರಿ, ಸರ್ಕಾರಿ ಶಾಲೆಗೆ 1 ಬಾರಿ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ನಾಚಿಕೆಯಿಂದ ಮನೆಯೊಳಗೇ ಇರಿಸಿಕೊಂಡ ಮಗು ಆ ತಂಡದ ಕಣ್ಣಿಗೆ ಬೀಳುವುದಾದರೂ ಹೇಗೆ? ಈ ಕಾರ್ಯಕ್ರಮ 18 ವರ್ಷದವರೆಗೆ ಮಾತ್ರ. ಅನಂತರ ತಪಾಸಣೆಯ ಹೊಣೆ ಮನೆಯವರದು.

ತೂಕ, ರಕ್ತದೊತ್ತಡ, ಕಣ್ಣು, ಕಿವಿ, ಹಲ್ಲು, ರಕ್ತಹೀನತೆ ಇವುಗಳ ಪರೀಕ್ಷೆ ಎಲ್ಲರಿಗೂ ಬೇಕು. ಡೌನ್ ಸಿಂಡ್ರೋಮ್ ಉಳ್ಳವರ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಅವರಲ್ಲಿ ಥೈರಾಯ್ಡ್ ಗ್ರಂಥಿಯ ಕೊರತೆ ಸಾಮಾನ್ಯ. ಚಟುವಟಿಕೆಯಿಂದಿದ್ದವರು ಮಂಕಾಗಿ, ನಿದ್ದೆ ಹೆಚ್ಚಿ, ಮೈ ಊದಿಕೊಂಡರೆ ಬುದ್ಧಿಯೇ ಇನ್ನಷ್ಟು ಕುಗ್ಗಿತೆಂದು ಕೈಚೆಲ್ಲುವವರಿದ್ದಾರೆ. ರಕ್ತಪರೀಕ್ಷೆಯಿಂದ ಈ ಕೊರತೆ ತಿಳಿಯುತ್ತದೆ; ದಿನವೂ ನುಂಗುವ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಇವರ ಕಿವಿಯ ನಾಳ ಕಿರಿದಾದುದರಿಂದ ಗುಗ್ಗೆ ಕಟ್ಟಿ ಕಿವಿ ಮಂದವಾಗುವುದೂ ಉಂಟು. ಕರೆದರೆ ಓಗೊಡದಿರುವುದು ಯಾವಾಗಲೂ ಮೊಂಡುತನವಲ್ಲ.

ಮೂರ್ಛೆರೋಗಕ್ಕೆ ಮಾತ್ರೆ ಸೇವಿಸುವವರಿಗೆ ವಯಸ್ಸು, ತೂಕ ಬದಲಾದಂತೆ ಪ್ರಮಾಣವನ್ನು ವೈದ್ಯರು ಮತ್ತೆ ನಿರ್ಧರಿಸಬೇಕು. ಫಿಟ್ಸ್ ನಿಂತಿತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಕೂಡದು.

ಹೊರಡುವ ಮೊದಲು ಊಟ, ನಿದ್ದೆ, ಮಲವಿಸರ್ಜನೆ, ಹೆಣ್ಣುಮಕ್ಕಳಾದರೆ ಮುಟ್ಟು, ಇವುಗಳಲ್ಲಿ ಕಂಡ ಬದಲಾವಣೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಈ ವಿವರಗಳು ಹೆಚ್ಚಾಗಿ ತಾಯಿಗೇ ಗೊತ್ತಿರುತ್ತವೆ. ಹಾಗೆಂದು ಎಲ್ಲವನ್ನೂ ಆಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ, ತಂದೆಯೂ ಜೊತೆಗೆ ಹೋಗತಕ್ಕದ್ದು. ರಕ್ತದೊತ್ತಡದ ಪಟ್ಟಿಗೆ ಹೆದರುವವರಿಗೆ ಮನೆಯಲ್ಲಿ ತೋಳಿಗೆ ಬಟ್ಟೆ ಸುತ್ತಿ ಆಟದಂತೆ ರೂಢಿಮಾಡಿಸಿರಿ. ಜನಸಂದಣಿ ಇಲ್ಲದ ವೇಳೆಯನ್ನು ಆಶಾ ಕಾರ್ಯಕರ್ತೆಯಿಂದ ಮುಂಚಿತವಾಗಿ ಕೇಳಿ ತಿಳಿಯಿರಿ.

“ಇವರು ಇರುವುದೇ ಹೀಗೆ” ಎಂಬ ಮಾತು ಆಸ್ಪತ್ರೆಯಲ್ಲಿ ಕೇಳಿಬಂದರೆ ಸುಮ್ಮನಾಗಬೇಡಿ. ಹೋದ ವರ್ಷ ಹೀಗಿರಲಿಲ್ಲವೆಂದು ನಿಮ್ಮ ಪುಸ್ತಕವನ್ನು ತೆರೆದು ತೋರಿಸಿ.