ದೊಡ್ಡ ಕಂಪೆನಿಯ ನೌಕರಿ: ಗುಣಗಳೂ ದೋಷಗಳೂ



ಮುರ್ಡೇಶ್ವರದಲ್ಲಿ ರೈಲು ಹತ್ತಿ ಬೆಂಗಳೂರಿನ ಕಂಪ್ಯೂಟರ್ ಕಂಪೆನಿಗಳಿಗೆ ಹೋಗುವ ಹೆಣ್ಣುಮಕ್ಕಳು ನಮ್ಮ ಕಡೆಯಲ್ಲಿಯೂ ಇದ್ದಾರೆ. ಆದಕಾರಣ ಅಂಥ ನೌಕರಿಯ ಗುಣದೋಷಗಳನ್ನು ಸಂಕ್ಷೇಪವಾಗಿ ವಿವರಿಸುವದು ಯುಕ್ತವಾಗಿ ತೋರುತ್ತದೆ.

ಮೊದಲು ಗುಣಗಳು. 1981ರಲ್ಲಿ ಏಳು ಮಂದಿ ಪುಣೆಯಲ್ಲಿ ಸ್ಥಾಪಿಸಿದ ಇನ್ಫೋಸಿಸ್ ಕಂಪೆನಿಯು ಹೊಸಬರನ್ನು ಮೈಸೂರಿನ ತನ್ನ ಶಿಕ್ಷಣಕೇಂದ್ರದಲ್ಲಿ ಇರಿಸಿಕೊಂಡು, ಸಂಬಳವನ್ನೂ ಕೊಟ್ಟು, ಕೆಲವು ತಿಂಗಳು ಕಲಿಸುತ್ತದೆ. ಚಿಕ್ಕ ಕಚೇರಿಗಳಲ್ಲಿ ಇಂಥ ಅನುಕೂಲವು ವಿರಳ. ಇದಲ್ಲದೆ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಎಳೆಯ ಕೂಸುಗಳಿಗಾಗಿ ಶಿಶುವಿಹಾರವನ್ನು ಏರ್ಪಡಿಸತಕ್ಕದ್ದೆಂದು 2017ರಿಂದ ಕಾಯಿದೆಯುಂಟು.

ಇನ್ನು ದೋಷಗಳು. ದೊಡ್ಡ ಬಲೆಯ ಒಂದೇ ಮೂಲೆಯನ್ನು ಹೆಣೆಯುವವಳಿಗೆ ಇಡೀ ಬಲೆಯ ಅಳತೆ ತಿಳಿಯದು. ಹಾಗೆಯೇ ವರುಷಗಟ್ಟಲೆ ಒಂದೇ ತುಂಡು ಕೆಲಸ ಮಾಡಿದವಳು ಬೇರೆಡೆಗೆ ಹೋದರೆ ಪುನಃ ಕಲಿಯಬೇಕಾಗುವದು. ಹೆಸರು ದೊಡ್ಡದಾದ ಮಾತ್ರಕ್ಕೆ ಕೆಲಸವು ಸ್ಥಿರವಲ್ಲ. 2025ರಲ್ಲಿ ಮೈಸೂರಿನ ಅದೇ ಕೇಂದ್ರದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗದ 300ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಬಿಡಿಸಲಾಯಿತು. ಅದೇ ವರುಷ ಟಿ.ಸಿ.ಎಸ್. ಕಂಪೆನಿಯು ಸುಮಾರು 12,000 ಕೆಲಸಗಳನ್ನು ಕಡಿಮೆಮಾಡುವದಾಗಿ ಪ್ರಕಟಿಸಿತು.

ಆದುದರಿಂದ ಹೆತ್ತವರು ಸಂಬಳವೆಷ್ಟೆಂದು ಮಾತ್ರ ಕೇಳದೆ, ಕೆಲಸ ಯಾವದು, ಎಷ್ಟು ಹೊತ್ತಿನದು, ಬಿಡುವಾಗಿನ ಕರಾರೇನು ಎಂಬವುಗಳನ್ನು ನೇಮಕಪತ್ರದಲ್ಲಿ ಓದತಕ್ಕದ್ದು. ಹುಡುಗಿಯರು ಮೊದಲ ಸಂಬಳದಿಂದಲೇ ತಮ್ಮ ಹೆಸರಿನಲ್ಲಿ ಆರು ತಿಂಗಳ ಖರ್ಚನ್ನು ಕೂಡಿಡಲು ಆರಂಭಿಸಲಿ. ಕೆಲಸ ಕಳಕೊಂಡು ಊರಿಗೆ ಬಂದವಳನ್ನು ಅಪರಾಧಿಯಂತೆ ನೋಡಬೇಡಿರಿ. ಅವಳು ಕಲಿತ ವಿದ್ಯೆಯನ್ನು ಯಾವ ಕಂಪೆನಿಯೂ ಹಿಂದಕ್ಕೆ ತಕ್ಕೊಳ್ಳಲಾರದು.